ಗಂಗರ ಬಾವುಟಕ್ಕೆ ಹಸಿರು ಬಳಿದವರು ಯಾರು?

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ನಮ್ಮ ಮಹದೇವಪುರದ ಕಡೆಯ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡೋಕೆ ಶುರುವಾಗುತ್ತೆ. ಕನ್ನಡನಾಡನ್ನು ಆಳಿದ ರಾಜವಂಶಗಳ ಬಾವುಟಗಳು ಅಂತ ಮೇಲೆ ದೊಡ್ಡ ಅಕ್ಷರ. ಕೆಳಗೆ ಕದಂಬರಿಗೊಂದು, ಗಂಗರಿಗೊಂದು, ಚಾಲುಕ್ಯರಿಗೊಂದು, ರಾಷ್ಟ್ರಕೂಟರಿಗೊಂದು, ಹೀಗೆ ಸಾಲಾಗಿ ಬಾವುಟಗಳು. ಪ್ರತಿ ಬಾವುಟದ ಅಡಿಯಲ್ಲಿ ಬಣ್ಣದ ಅರ್ಥ. ಗಂಗರದ್ದು ಹಸಿರು, ಅದರ ಮೇಲೆ ಬಂಗಾರದ ಬಣ್ಣದ ಆನೆ. ಅರ್ಥದ ಜಾಗದಲ್ಲಿ ಎರಡೇ ಪದ: ಸಮೃದ್ಧಿ, ಭರವಸೆ.

ಇಷ್ಟು ವರ್ಷ ನೋಡಿ ಸುಮ್ಮನಾಗ್ತಿದ್ದೆ. ಈ ಸಲ ಆಗಲಿಲ್ಲ. ನಮ್ಮ ಬಡಾವಣೆಯ ಹತ್ತಿರ ಅಕ್ಷರವೆಲ್ಲ ಸವೆದುಹೋದ ಒಂದು ವೀರಗಲ್ಲು ಇದೆ. ಕೆಲವು ಹುಡುಗರು ಸೇರಿ ಅದರ ಸುತ್ತ ಬೆಳೆದಿದ್ದ ಗಿಡಗಂಟಿ ತೆಗೆದು, ಕಟ್ಟೆ ಕಟ್ಟಿಸಿ, ಪಕ್ಕಕ್ಕೊಂದು ಬೋರ್ಡು ಹಾಕಿಸೋಕೆ ಹೊರಟರು. ಒಳ್ಳೇ ಕೆಲಸ. ಬೋರ್ಡಿನ ಪ್ರೂಫು ನೋಡಿಕೊಡಿ ಅಂತ ನನಗೆ ಕಳಿಸಿದರು. ತೆರೆದು ನೋಡಿದರೆ ಅದೇ ಪೋಸ್ಟರಿನ ಹಸಿರು ಬಾವುಟ, ಅದೇ ಎರಡು ಪದ. ಮೊಬೈಲಿನಲ್ಲಿ ಬರೋ ಚಿತ್ರವನ್ನು ನಾಳೆ ಮರೀಬಹುದು. ಕಲ್ಲಿನ ಪಕ್ಕ ನೆಟ್ಟ ಬೋರ್ಡು ಹಾಗಲ್ಲ. ಅದನ್ನು ಓದಿದವರು ಕಲ್ಲೇ ಹಾಗೆ ಹೇಳ್ತಿದೆ ಅಂದ್ಕೊಳ್ತಾರೆ. ಅಕ್ಷರ ಸವೆದ ಕಲ್ಲಿಗಂತೂ ಬೋರ್ಡೇ ಬಾಯಿ.

ಹಾಗಾಗಿ ಈ ಬರಹ. ವಿಮರ್ಶೆ ಆ ಹುಡುಗರ ಮೇಲಲ್ಲ. ಬಣ್ಣ ಕಂಡ ಕೂಡಲೇ ಅರ್ಥ ಹೇಳಿಬಿಡುವ ನಮ್ಮೆಲ್ಲರ ಚಟದ ಮೇಲೆ. ಆ ಚಟ ನನಗೂ ಇತ್ತು, ಅದನ್ನೂ ಕೆಳಗೆ ಹೇಳ್ತೀನಿ.

ಹಸಿರಿಗೆ ಕೊಟ್ಟ ಎರಡು ಸಾಕ್ಷಿ

ಚಿತ್ರ ಬಿಡಿಸಿದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಗಂಗರದ್ದು ಹಸಿರು ಅಂತ ಎಲ್ಲಿ ಸಿಕ್ತಪ್ಪಾ?" ಅವನು ಸುಮ್ಮನೆ ಬಳಿದವನಲ್ಲ. ಎರಡು ಕಾರಣ ಹೇಳಿದ. "ಒಂದು, ಗಂಗರದ್ದು ಪಿಂಛಧ್ವಜ ಸಾರ್, ನವಿಲುಗರಿ. ಎರಡು, ನಮ್ಮ ಕಲ್ಲು ತೊಳೆಯುವಾಗ ಕೊರೆದ ಗೀರಿನಲ್ಲಿ ಹಸಿರು ಬಣ್ಣ ಸಿಕ್ತು. ಫೋಟೋ ಇದೆ ನೋಡಿ."

ಎರಡನೆಯದನ್ನು ಮೊದಲು ಮುಗಿಸೋಣ, ಅದು ಸುಲಭ. ನಾನೇ ಹೋಗಿ ನೋಡಿದೆ. ಬಣ್ಣ ಇದ್ದದ್ದು ನಿಜ, ವೀರನ ಕಾಲ ಬಳಿಯ ಗೀರಿನಲ್ಲೂ ಅಂಚಿನ ಪಟ್ಟಿಯಲ್ಲೂ. ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಎದ್ದು ಬಂತು, ಹೊಳಪೂ ಇತ್ತು. ಅಲ್ಲೇ ಪಕ್ಕದ ಗುಡಿಯ ಕಬ್ಬಿಣದ ಗ್ರಿಲ್ಲಿಗೆ ಹೊಡೆದದ್ದೂ ಅದೇ ಹಸಿರು. ಹಬ್ಬಕ್ಕೆ ಗುಡಿಗೆ ಬಣ್ಣ ಹೊಡೆದವರು ಡಬ್ಬಿಯಲ್ಲಿ ಉಳಿದದ್ದನ್ನು ದೇವರ ಕಲ್ಲಿಗೂ ಬಳಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚೋದು, ಸುಣ್ಣ ಬಳಿಯೋದು, ಈಚೆಗೆ ಎನಾಮಲ್ ಪೇಂಟ್ ಹೊಡೆಯೋದು ಎಲ್ಲಾ ಕಡೆ ನೋಡ್ತೀವಿ. ಅದೂ ಆ ಕಲ್ಲಿನ ಚರಿತ್ರೆಯೇ, ಭಕ್ತಿಯ ಚರಿತ್ರೆ. ಆದರೆ ಅದು ಗಂಗರ ಚರಿತ್ರೆ ಅಲ್ಲ.

ಮೊದಲನೆಯ ಕಾರಣ ಗಟ್ಟಿಯಾದದ್ದು. ಶಿವಮೊಗ್ಗ ತಾಲೂಕಿನ ಕಲ್ಲೂರುಗುಡ್ಡದ 12ನೆಯ ಶತಮಾನದ ಶಾಸನ ಗಂಗವಂಶದ ಹುಟ್ಟಿನ ಕಥೆ ಹೇಳುತ್ತೆ. ಜೈನಾಚಾರ್ಯ ಸಿಂಹನಂದಿ, ದಡಿಗ ಮತ್ತು ಮಾಧವ ಎಂಬ ಅಣ್ಣತಮ್ಮಂದಿರಿಗೆ ರಾಜ್ಯ ಕಟ್ಟೋಕೆ ನೆರವಾದರು. ತಮ್ಮ ಕೈಯಲ್ಲಿದ್ದ ನವಿಲುಗರಿಯ ಕುಂಚವನ್ನೇ ಅವರಿಗೆ ಧ್ವಜವಾಗಿ ಮಾಡಿಕೊಟ್ಟರು. ಹುಡುಗ ಇದನ್ನು ಓದಿದ್ದಾನೆ. ನವಿಲು ಅಂದ್ರೆ ಹಸಿರು, ಹಸಿರು ಅಂದ್ರೆ ಸಮೃದ್ಧಿ, ಹೀಗೆ ಎರಡು ಹೆಜ್ಜೆ ಇಟ್ಟಿದ್ದಾನೆ. ಎರಡೂ ಹೆಜ್ಜೆ ಜಾರುವಂಥವು.

ಶಾಸನ ಹೇಳಿದ್ದು ವಸ್ತುವನ್ನು, ಬಣ್ಣವನ್ನಲ್ಲ

ಮೊದಲು ಕಾಲದ ಮಾತು. ಗಂಗರು ತಲೆಯೆತ್ತಿದ್ದು 4ನೆಯ ಶತಮಾನದಲ್ಲಿ. ಈ ಕಥೆಯನ್ನು ಇಷ್ಟು ವಿವರವಾಗಿ ಹೇಳುವ ಕಲ್ಲು 12ನೆಯ ಶತಮಾನದ್ದು. ನಡುವೆ ಏಳು ಶತಮಾನಕ್ಕೂ ಹೆಚ್ಚು ಅಂತರ. ಆ ಶಾಸನ ತನ್ನ ಕಾಲದ ಜನ ಗಂಗರ ಬಗ್ಗೆ ಏನು ನಂಬಿದ್ದರು ಅನ್ನೋದಕ್ಕೆ ಒಳ್ಳೆಯ ಸಾಕ್ಷಿ. ಮೊದಲ ಗಂಗರು ಯಾವ ಬಟ್ಟೆ ಹಾರಿಸಿದರು ಅನ್ನೋದಕ್ಕೆ ಅಷ್ಟು ಒಳ್ಳೆಯ ಸಾಕ್ಷಿ ಅಲ್ಲ.

ಇರಲಿ, ಕಥೆಯನ್ನು ಇದ್ದ ಹಾಗೇ ನಂಬೋಣ. ಆಗಲೂ ಶಾಸನ ಹೇಳ್ತಿರೋದು ಒಂದು ವಸ್ತುವಿನ ಹೆಸರು: ಪಿಂಛ, ಜೈನ ಮುನಿಗಳ ಕೈಯಲ್ಲಿ ಇರುವ ಕುಂಚ. ಕೂರುವ ಮೊದಲು, ನಡೆಯುವ ದಾರಿಯಲ್ಲಿ, ಹುಳುಹುಪ್ಪಟೆಗೆ ನೋವಾಗದ ಹಾಗೆ ಮೆಲ್ಲಗೆ ಸರಿಸೋಕೆ ಅದು. ಅದರಲ್ಲಿ ಅರ್ಥ ಹುಡುಕಲೇಬೇಕು ಅಂದ್ರೆ ಸಿಗೋದು ಅಹಿಂಸೆ, ಗುರುವಿನ ಅನುಗ್ರಹ. ಯುದ್ಧ ಮಾಡುವ ರಾಜನ ಬಾವುಟಕ್ಕೆ ಯಾರಿಗೂ ನೋವು ಮಾಡದ ಮುನಿಯ ಕುಂಚ! ಎಂಥ ಬೆರಗಿನ ಸಂಗತಿ ನೋಡಿ. ಪೋಸ್ಟರಿನ ಸಮೃದ್ಧಿ, ಭರವಸೆಗಳಲ್ಲಿ ಈ ಬೆರಗು ಪೂರ್ತಿ ಕಳೆದುಹೋಗಿದೆ. ಬಣ್ಣದ ಅರ್ಥ ಹೇಳುವ ಭರದಲ್ಲಿ ನಾವು ವಸ್ತುವಿನ ಅರ್ಥವನ್ನೇ ಅಳಿಸಿಬಿಟ್ವಿ. ನನ್ನ ಮುಖ್ಯ ತಕರಾರು ಇದೇ.

ನವಿಲುಗರಿಯ ಹಸಿರಿನ ವಿಷಯವೂ ಸ್ವಾರಸ್ಯದ್ದು. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದನ್ನು ಹೇಳದೆ ಬಿಡೋಕಾಗಲ್ಲ. ನವಿಲುಗರಿಯಲ್ಲಿ ಹಸಿರು ಬಣ್ಣದ ಪದಾರ್ಥವೇ ಇಲ್ಲ. ಇರೋದು ಕಂದುಕಪ್ಪು ಬಣ್ಣದ ಮೆಲನಿನ್. ಅದರ ಸಣ್ಣ ಕಡ್ಡಿಗಳು ಜಾಲರಿಯ ಹಾಗೆ ಸಾಲಾಗಿ ಜೋಡಣೆಯಾಗಿವೆ. ಸಾಲುಗಳ ನಡುವಿನ ಅಂತರ ಎಷ್ಟು ಅನ್ನೋದರ ಮೇಲೆ ಬೆಳಕು ಹಸಿರಾಗಿಯೋ ನೀಲಿಯಾಗಿಯೋ ಕಂಚಿನ ಬಣ್ಣವಾಗಿಯೋ ವಾಪಸ್ ಬರುತ್ತೆ. ಕೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿ, ಬಣ್ಣ ಬದಲಾಗುತ್ತೆ. ಹಿಂಬದಿ ತಿರುಗಿಸಿದರೆ ಬರೀ ಕಂದು. ಇಂಥ ಗರಿಯನ್ನು ಕಂಪ್ಯೂಟರಿನಲ್ಲಿ ಒಂದೇ ಹಸಿರಿಗೆ ಇಳಿಸಿ ಇದೇ ಗಂಗರ ಬಣ್ಣ ಅಂದ್ರೆ ನವಿಲಿಗೂ ಅನ್ಯಾಯ.

ಆನೆ ಬೇರೆ, ಬಾವುಟ ಬೇರೆ

ಪೋಸ್ಟರಿನ ಇನ್ನೊಂದು ತಪ್ಪು ಬಣ್ಣಕ್ಕಿಂತ ಆಳದ್ದು. ನಮ್ಮ ಶಾಸನಗಳ ಪ್ರಶಸ್ತಿಗಳಲ್ಲಿ ಲಾಂಛನ ಅನ್ನೋದು ಬೇರೆ, ಧ್ವಜ ಅನ್ನೋದು ಬೇರೆ. ಲಾಂಛನ ಮುದ್ರೆಯ ಮೇಲೆ ಇರೋದು, ಧ್ವಜ ಮೇಲೆ ಹಾರೋದು. ಹಾನಗಲ್ಲು, ಗೋವೆಗಳ ಕದಂಬರನ್ನು ನೋಡಿ, ಅವರ ಲಾಂಛನ ಸಿಂಹ, ಧ್ವಜದಲ್ಲಿ ವಾನರ. ಸವದತ್ತಿಯ ರಟ್ಟರದ್ದು ಸುವರ್ಣ ಗರುಡಧ್ವಜ, ಲಾಂಛನ ಮಾತ್ರ ಸಿಂಧೂರ. ಗಂಗರ ತಾಮ್ರಪಟಗಳ ಉಂಗುರದ ಮುದ್ರೆಯಲ್ಲಿ ಆನೆ, ಕಥೆಯ ಪ್ರಕಾರ ಧ್ವಜ ಪಿಂಛ.

ಪೋಸ್ಟರಿನಲ್ಲಿ ಆಗಿರೋದು ಏನು? ಮುದ್ರೆಯ ಆನೆಯನ್ನು ತೆಗೆದು ನವಿಲಿನ ಬಣ್ಣದ ಬಟ್ಟೆಯ ಮೇಲೆ ಕೂರಿಸಿದ್ದಾರೆ. ಒಂದು ಬಣ್ಣದ ಮೈ, ಅದರ ಮೇಲೊಂದು ಪ್ರಾಣಿ. ಈ ಜೋಡಣೆ ನಮ್ಮದಲ್ಲ. ಇದು ಯುರೋಪಿನ ಗುರಾಣಿಯ ಜೋಡಣೆ. ಅಲ್ಲಿನ ಲಾಂಛನಶಾಸ್ತ್ರದಲ್ಲಿ ಗುರಾಣಿಯ ಮೈಗೆ ಒಂದು ಬಣ್ಣ ಇರಲೇಬೇಕು, ಅದರ ಮೇಲಿನ ಚಿತ್ರಕ್ಕೂ ಬಣ್ಣ ಇರಲೇಬೇಕು. ಬಣ್ಣ ಹೇಳದೆ ಲಾಂಛನ ಪೂರ್ತಿಯಾಗೋದೇ ಇಲ್ಲ. ನಮ್ಮ ಶಾಸನಕವಿಗೆ ಆ ಒತ್ತಾಯ ಇರಲಿಲ್ಲ. ವರಾಹ ಅಂದ್ರೆ ಸಾಕು, ಅದು ಯಾವ ಬಣ್ಣದ ಬಟ್ಟೆಯ ಮೇಲಿದೆ ಅಂತ ಯಾರೂ ಕೇಳ್ತಿರಲಿಲ್ಲ. ಯುರೋಪಿನ ಅರ್ಜಿ ಫಾರಂ ತಂದು, ಅದರಲ್ಲಿರೋ ಬಣ್ಣದ ಕಾಲಂ ಖಾಲಿ ಇದೆ ಅಂತ ನಾವೇ ತುಂಬಿಸಿದ ಹಾಗಿದೆ ಈ ಬಾವುಟಗಳು.

ಬಣ್ಣದ ಹೆಸರಿನ ಹಾಗೆ ಕಾಣೋ ಪದ ಬಂದಾಗಲೂ ಹುಷಾರಾಗಿರಬೇಕು. ರಟ್ಟರ ಲಾಂಛನದ ಪದವನ್ನೇ ತಗೊಳ್ಳಿ. ಕೆಲವು ಕಡೆ ಅದು ಸಿಂದೂರ ಅಂತ ಕಾಣುತ್ತೆ. ಓದಿದವರಿಗೆ ಕೆಂಪು ಹಣೆಬೊಟ್ಟು ನೆನಪಾಗೋದು ಸಹಜ. ಆದರೆ ಸಿಂಧುರ ಅಂದ್ರೆ ಆನೆ, ವಿದ್ವಾಂಸರು ಕೊನೆಗೆ ಒಪ್ಪಿದ್ದೂ ಆನೆಯನ್ನೇ. ಅಲ್ಪಪ್ರಾಣ ಮಹಾಪ್ರಾಣದ ಒಂದು ವ್ಯತ್ಯಾಸದಲ್ಲಿ ಪ್ರಾಣಿ ಹೋಗಿ ಬಣ್ಣ ಬಂದುಬಿಡುತ್ತೆ.

ಹಸಿರಿನ ಪದಗಳಂತೂ ಇನ್ನೂ ಕಷ್ಟ. ಕನ್ನಡದ ಪಸುರು, ಪಚ್ಚೆ ಇವೆ. ಸಂಸ್ಕೃತದ ಹರಿತ, ಮರಕತ ಇವೆ. ಜೊತೆಗೆ ಶ್ಯಾಮ, ನೀಲ ಅನ್ನುವ ಪದಗಳೂ ಇವೆ. ಶ್ಯಾಮ ಅಂದ್ರೆ ಕಪ್ಪೂ ಹೌದು, ಕಡುನೀಲಿಯೂ ಹೌದು, ದೂರ್ವಾದಳಶ್ಯಾಮ ಅಂದಾಗ ಗರಿಕೆಯ ಕಡುಹಸಿರೂ ಹೌದು. ನಾನು ಓದಿರುವ ಪ್ರಶಸ್ತಿಗಳಲ್ಲಿ ಇಂಥ ವಂಶದ ಬಾವುಟ ಹಸಿರು ಅಂತ ನೇರವಾಗಿ ಹೇಳಿದ್ದು ಒಂದೂ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಸಿಕ್ಕಿದ್ದರೆ ಶಾಸನದ ಪಾಠದ ಜೊತೆ ತಿಳಿಸಿ, ಇದೇ ಜಾಗದಲ್ಲಿ ತಿದ್ದಿ ಬರೀತೀನಿ.

ಇನ್ನು ವಸ್ತುಗಳನ್ನೇ ನೋಡಿದರೆ ಕಾಣೋ ಹಸಿರು ಒಂದೇ. ತಾಮ್ರಪಟದ ಮುದ್ರೆಯ ಆನೆಯ ಮೈಮೇಲೆ ಹಿಡಿಯುವ ಕಿಲುಬು. ಅದು ಗಾಳಿ, ತೇವ, ಉಪ್ಪು ಸೇರಿ ತಾಮ್ರಕ್ಕೆ ಕೊಟ್ಟ ಬಣ್ಣ. ರಾಜ ಕೊಟ್ಟದ್ದಲ್ಲ. ಬೇಗೂರಿನ ನಾಗತ್ತರನ ಕಲ್ಲನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿ. ಗಂಗರ ಕಾಲದ ಒಂದು ಇಡೀ ಯುದ್ಧ ಅದರಲ್ಲಿದೆ, ಆನೆ, ಕುದುರೆ, ಬಿಲ್ಲು, ಕತ್ತಿ ಎಲ್ಲ. ಬಣ್ಣ ಮಾತ್ರ ಕಲ್ಲಿನದೇ.

ನಾನು ಎರಡು ಸಲ ಮಾಡಿದ ತಪ್ಪು

ಹಾಗಾದರೆ ಈ ಸಮೃದ್ಧಿ, ಭರವಸೆ ಅನ್ನೋ ಪದಗಳು ಎಲ್ಲಿಂದ ಬಂದವು? ಇದಕ್ಕೆ ನನ್ನ ಒಂದು ಹಳೆಯ ಅಪಮಾನ ಹೇಳಬೇಕು.

ಕೆಲವು ವರ್ಷದ ಹಿಂದೆ ದಂಡು ಪ್ರದೇಶದ ಒಂದು ಹಳೇ ಚರ್ಚಿನ ಗೋಡೆಯಲ್ಲಿ, ಬ್ರಿಟಿಷ್ ಅಧಿಕಾರಿಯೊಬ್ಬನ ನೆನಪಿನ ಅಮೃತಶಿಲೆಯ ಫಲಕ ನೋಡಿದೆ. ಮೇಲೆ ಒಂದು ಪುಟ್ಟ ಗುರಾಣಿ, ಅದರ ಮೈಮೇಲೆ ಓರೆಯಾಗಿ ಸಣ್ಣ ಸಣ್ಣ ಗೀರು. ಆ ಗೀರುಗಳು ಅಲಂಕಾರ ಅಲ್ಲ, ಬಣ್ಣದ ಸಂಕೇತ. ಕಪ್ಪುಬಿಳುಪು ಅಚ್ಚಿನಲ್ಲೂ ಕಲ್ಲಿನಲ್ಲೂ ಬಣ್ಣ ತೋರಿಸೋಕೆ ಯುರೋಪಿನವರು ಗೀರುಗಳ ಒಂದು ಪದ್ಧತಿ ಮಾಡಿಕೊಂಡಿದ್ದರು. ಅದನ್ನು ಹೆಚ್ಚು ಬಳಕೆಗೆ ತಂದವನು ಪೆತ್ರಾ ಸಾಂಕ್ತಾ ಎಂಬ ಜೆಸ್ವಿಟ್ ಪಾದ್ರಿ, 1638ರ ಪುಸ್ತಕದಲ್ಲಿ. ನೇರ ನಿಂತ ಗೀರು ಕೆಂಪು, ಅಡ್ಡ ಗೀರು ನೀಲಿ, ಅಡ್ಡ ಉದ್ದ ಎರಡೂ ಇದ್ದರೆ ಕಪ್ಪು, ಚುಕ್ಕಿ ಇದ್ದರೆ ಬಂಗಾರ, ಖಾಲಿ ಬಿಟ್ಟರೆ ಬೆಳ್ಳಿ. ಗುರಾಣಿಯ ಬಲ ಮೇಲ್ತುದಿಯಿಂದ ಎಡ ಕೆಳತುದಿಗೆ ಓರೆ ಗೀರು ಇದ್ದರೆ ಹಸಿರು. ಅದಕ್ಕೆ ಉಲ್ಟಾ ಇದ್ದರೆ ನೇರಳೆ.

ನಾನು ಬಲ ಅಂದ್ರೆ ನನ್ನ ಬಲಗೈ ಅಂದ್ಕೊಂಡೆ. ಲಾಂಛನಶಾಸ್ತ್ರದಲ್ಲಿ ಬಲ ಅಂದ್ರೆ ಗುರಾಣಿ ಹಿಡಿದವನ ಬಲ, ನೋಡುವವರಿಗೆ ಅದು ಎಡ. ಹಾಗಾಗಿ ಹಸಿರನ್ನು ನೇರಳೆ ಅಂತ ಓದಿದೆ. ನೇರಳೆ ಅಂದ್ರೆ ರಾಜತನ ಅಂತ ಎಲ್ಲೋ ಓದಿದ್ದೆ. ಆ ಮನೆತನಕ್ಕೆ ರಾಜಸಂಬಂಧ ಇದ್ದಿರಬೇಕು ಅಂತ ಒಂದು ಪ್ಯಾರಾ ಹೊಸೆದು ಪ್ರಕಟಿಸಿಯೂ ಬಿಟ್ಟೆ. ಒಬ್ಬ ಹಿರಿಯರು ಬರೆದರು, "ಸ್ವಾಮಿ, ಅದು ಹಸಿರು. ಎಡ ಬಲ ನೋಡಿಕೊಳ್ಳಿ."

ತಿದ್ದಿದೆ. ಹೇಗೆ ತಿದ್ದಿದೆ ಕೇಳಿ. ನೇರಳೆ ಹೊಡೆದುಹಾಕಿ ಹಸಿರು ಅಂತ ಬರೆದೆ. ರಾಜತನ ಹೊಡೆದುಹಾಕಿ ಭರವಸೆ ಅಂತ ಬರೆದೆ. ಅದೇ ಪಟ್ಟಿಯ ಪಕ್ಕದ ಸಾಲಿನಿಂದ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕೆಟ್ಟದ್ದು ಅಂತ ಗೊತ್ತಾಗೋಕೆ ನನಗೆ ಮತ್ತೆ ಎರಡು ವರ್ಷ ಹಿಡೀತು. ಬಣ್ಣ ಸರಿಯಾಗಿತ್ತು. ಆದರೆ ಆ ಮನೆತನ ಭರವಸೆಗಾಗಿ ಹಸಿರು ಆರಿಸಿತು ಅಂತ ಫಲಕ ಹೇಳಿರಲಿಲ್ಲ, ಬೇರೆ ಯಾವ ದಾಖಲೆಯೂ ನನ್ನ ಕೈಯಲ್ಲಿರಲಿಲ್ಲ. ಗೀರು ಬಣ್ಣ ಹೇಳುತ್ತೆ, ಅಷ್ಟೇ. ಯಾಕೆ ಆ ಬಣ್ಣ ಅಂತ ಹೇಳಲ್ಲ.

ಬಣ್ಣಕ್ಕೊಂದು ಗುಣ ಅಂತ ಹೇಳುವ ಪಟ್ಟಿಗಳಿಗೆ ಅವುಗಳದೇ ಹಿನ್ನೆಲೆ ಇದೆ. ಯುರೋಪಿನಲ್ಲಿ ಗುರಾಣಿಗಳಿಗೆ ಬಣ್ಣ ಬಳಿಯೋಕೆ ಶುರುವಾಗಿ ಬಹಳ ಕಾಲ ಆದಮೇಲೆ ಲೇಖಕರು ಕೂತು ಒಂದೊಂದು ಬಣ್ಣಕ್ಕೂ ಒಂದು ಗ್ರಹ, ಒಂದು ರತ್ನ, ಒಂದು ಗುಣ ಹಂಚಿದರು. ಹಸಿರಿಗೆ ಶುಕ್ರ, ಪಚ್ಚೆ. ಗುಣ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಒಬ್ಬರಿಗೆ ಭರವಸೆ, ಇನ್ನೊಬ್ಬರಿಗೆ ಪ್ರೀತಿ, ಮತ್ತೊಬ್ಬರಿಗೆ ಯೌವನ, ಸಂತೋಷ. ಆ ಹಳೆಯ ಕಾಲದ ಗುರಾಣಿಗಳಲ್ಲಿ ಹಸಿರೇ ಅಪರೂಪ. ಹೆಸರಿನ ಗೊಂದಲವೂ ಇತ್ತು. ಇಂಗ್ಲಿಷ್ ಲಾಂಛನಕಾರರು ಹಸಿರಿಗೆ ವರ್ಟ್ ಅಂತಾರೆ, ಫ್ರೆಂಚರು ಸಿನೋಪ್ಲ್ ಅಂತಾರೆ. ಈ ಸಿನೋಪ್ಲ್ ಮೊದಲು ಹಸಿರೇ ಅಲ್ಲ, ಕೆಂಪು! ಕಪ್ಪು ಸಮುದ್ರದ ದಡದ ಸಿನೋಪ್ ಊರಿನಿಂದ ಬರ್ತಿದ್ದ ಕೆಮ್ಮಣ್ಣಿನ ಹೆಸರು ಅದು. ಮಧ್ಯಯುಗದ ಕೊನೆಯ ಹೊತ್ತಿಗೆ ಅದೇ ಪದ ಹಸಿರಿಗೆ ತಿರುಗಿತು. ತಾಯಿನೆಲದಲ್ಲೇ ಹೆಸರು ನಿಲ್ಲದ ಬಣ್ಣ ಇದು. ಅದರ ಗುಣಗಳ ಪಟ್ಟಿಯನ್ನು ತಂದು ತಲಕಾಡಿನ ಗಂಗರಿಗೆ ಅಂಟಿಸೋದು ಯಾವ ನ್ಯಾಯ?

ನಮ್ಮ ರಾಜ್ಯಲಾಂಛನದ ಹಸಿರು

"ಹೋಗ್ಲಿ ಸಾರ್, ನಮ್ಮ ಕರ್ನಾಟಕದ ಲಾಂಛನದಲ್ಲೂ ಹಸಿರು ಇದೆಯಲ್ಲ, ಅದು ಮಲೆನಾಡು ತಾನೇ?" ಅಂತ ಒಬ್ಬರು ಕೇಳಿದರು. ಚೆನ್ನಾಗಿ ಗಮನಿಸಿದ್ದಾರೆ. ಬಣ್ಣದ ರೂಪದಲ್ಲಿ ಆ ಲಾಂಛನ ನೋಡಿ. ನಡುವೆ ಕೆಂಪು ಗುರಾಣಿ, ಅದರಲ್ಲಿ ಬಿಳಿಯ ಗಂಡಭೇರುಂಡ, ಸುತ್ತ ನೀಲಿ ಅಂಚು. ಎಡಬಲಕ್ಕೆ ಆನೆಯ ಮುಖ, ಸಿಂಹದ ಮೈ ಇರುವ ಶರಭಗಳು, ಮೈ ಹಳದಿ, ಕೇಸರ ಕೆಂಪು. ಹಸಿರು ಇರೋದು ಗುರಾಣಿಯ ಒಳಗಲ್ಲ. ಶರಭಗಳ ಕಾಲ ಕೆಳಗಿನ ಎಲೆಬಳ್ಳಿಯಲ್ಲಿ.

ಯುರೋಪಿನ ಮಾದರಿಯ ಲಾಂಛನಗಳಲ್ಲಿ ಗುರಾಣಿಯ ಪಕ್ಕದ ಪ್ರಾಣಿಗಳು ಗಾಳಿಯಲ್ಲಿ ನಿಲ್ಲಬಾರದು ಅಂತ ಕೆಳಗೊಂದು ನೆಲ ಬರೀತಾರೆ. ಸಾಮಾನ್ಯವಾಗಿ ಅದು ಹುಲ್ಲಿನ ದಿಬ್ಬ, ಇಲ್ಲವೇ ಬಳ್ಳಿ. ಹುಲ್ಲು ಹಸಿರಾಗಿರೋದರಿಂದ ಆ ನೆಲವೂ ಹಸಿರು. ಮಲೆನಾಡು ಅಂತ ಅಂದ್ಕೊಳ್ಳೋದರಲ್ಲಿ ತಪ್ಪೇನಿಲ್ಲ, ನನಗೂ ಇಷ್ಟ. ಆದರೆ ಅದು ನಮ್ಮ ಪ್ರೀತಿ, ಲಾಂಛನದ ಹೇಳಿಕೆ ಅಲ್ಲ. ಬಳ್ಳಿಗಾವೆಯ ಕಂಬದ ಮೇಲೆ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಇವತ್ತಿಗೂ ಇದೆ. ಅದಕ್ಕೆ ಬಿಳಿ ಬಣ್ಣವೂ ಇಲ್ಲ, ಕೆಂಪು ಗುರಾಣಿಯೂ ಇಲ್ಲ, ಕಾಲ ಕೆಳಗೆ ಹಸಿರೂ ಇಲ್ಲ. ಹಕ್ಕಿಯ ರೂಪ ಸಾವಿರ ವರ್ಷ ಉಳಿದು ಬಂತು. ಬಣ್ಣ ಆಮೇಲೆ ಬಂದು ಸೇರಿತು.

ಹಸಿರಿಗೆ ಅರ್ಥ ಇಲ್ಲವೇ ಇಲ್ಲವೇ?

ಇದೆ. ಯಾರು, ಯಾವಾಗ, ಏನು ಹೇಳಿದರು ಅನ್ನೋದು ದಾಖಲಾಗಿದ್ದರೆ ಖಂಡಿತ ಇದೆ. ಮೂರು ಉದಾಹರಣೆ ಕೊಡ್ತೀನಿ.

ಒಂದು, ನಮ್ಮ ಪಕ್ಕದಲ್ಲೇ. ಶಿವಾಜಿನಗರ, ಕೋಲ್ಸ್ ರಸ್ತೆಯ ಕಡೆಯ ಕೆಥೊಲಿಕ್ ಚರ್ಚುಗಳಲ್ಲಿ ಬಿಷಪ್ಪರ ಲಾಂಛನ ಕಂಡರೆ ಗುರಾಣಿಯ ಮೇಲಿನ ಅಗಲ ಅಂಚಿನ ಟೋಪಿ ನೋಡಿ. ಅದು ಹಸಿರು. ಎರಡೂ ಪಕ್ಕಕ್ಕೆ ಕುಚ್ಚುಗಳು ಇಳಿಬಿದ್ದಿರುತ್ತವೆ. ಪಕ್ಕಕ್ಕೆ 6 ಇದ್ದರೆ ಬಿಷಪ್, 10 ಇದ್ದರೆ ಆರ್ಚ್‌ಬಿಷಪ್. ಕೆಂಪು ಟೋಪಿ, ಪಕ್ಕಕ್ಕೆ 15 ಕುಚ್ಚು ಇದ್ದರೆ ಕಾರ್ಡಿನಲ್. ಬೆಂಗಳೂರು 1940ರಲ್ಲಿ ಧರ್ಮಪ್ರಾಂತ್ಯ ಆಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯ ಆಯಿತು. ಪದವಿ ಏರಿದಾಗ ಬದಲಾಗೋದು ಕುಚ್ಚಿನ ಲೆಕ್ಕ, ಹಸಿರು ಹಾಗೇ ಉಳಿಯುತ್ತೆ. ಇಲ್ಲಿ ಹಸಿರು ಭರವಸೆಯೂ ಅಲ್ಲ, ಸಮೃದ್ಧಿಯೂ ಅಲ್ಲ. ಅದು ದರ್ಜೆ. ನಿಯಮ ಇದೆ, ಅದಕ್ಕೇ ಓದಬಹುದು.

ಎರಡು, ರೈತರ ಹಸಿರು ಶಾಲು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಗುರುತು ಅದು. ಹೆಗಲ ಮೇಲೆ ಹಸಿರು ಶಾಲು ಕಂಡರೆ ರೈತ ಚಳವಳಿಯವರು ಅಂತ ಕರ್ನಾಟಕದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಬಣ್ಣ ಅನ್ನೋದಕ್ಕಿಂತ ಹೆಚ್ಚಾಗಿ, ಬೀದಿಗಿಳಿದ ಜನ ಅದನ್ನು ಹೊದ್ದು ಹೊದ್ದು ಅದಕ್ಕೆ ಆ ಅರ್ಥ ಬಂದಿದೆ.

ಮೂರನೆಯದೇ ನನಗೆ ಬಹಳ ಪಾಠ ಕಲಿಸಿದ್ದು, ನಮ್ಮ ತ್ರಿವರ್ಣದ ಹಸಿರು. 1921ರಲ್ಲಿ ಗಾಂಧೀಜಿ ಬಾವುಟದ ಬಗ್ಗೆ ಬರೆದಾಗ ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದ ಧರ್ಮದವರಿಗೆ ಅಂತ ವಿವರಿಸಿದ್ದರು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರಿನ ಬಾವುಟ ಒಪ್ಪಿಕೊಂಡಾಗ ಬಣ್ಣಗಳಿಗೆ ಧರ್ಮದ ಅರ್ಥ ಇಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಹಸಿರಿಗೆ ಶ್ರದ್ಧೆ ಮತ್ತು ಶೌರ್ಯಧರ್ಮದ ಅರ್ಥ ಕೊಟ್ಟಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಬಾವುಟ ಅಂಗೀಕರಿಸಿದಾಗ ರಾಧಾಕೃಷ್ಣನ್ ಅವರು ಹಸಿರನ್ನು ಮಣ್ಣಿನ ಜೊತೆಗಿನ ನಮ್ಮ ಸಂಬಂಧ, ಎಲ್ಲ ಜೀವಕ್ಕೂ ಆಧಾರವಾದ ಸಸ್ಯಗಳು ಅಂತ ವಿವರಿಸಿದರು.

26 ವರ್ಷದಲ್ಲಿ ಮೂರು ಅರ್ಥ! ಮೂರೂ ದಾಖಲೆಯಲ್ಲಿವೆ, ಮೂರನ್ನೂ ಹೇಳಿದ ಕಾರಣ ಆಯಾ ಕಾಲದ ರಾಜಕೀಯದಲ್ಲಿದೆ. ಇವತ್ತು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ತಯಾರಾಗುವಾಗ ಹಸಿರಿನ ಛಾಯೆಯನ್ನು ಭಾರತೀಯ ಮಾನಕದ ಅಳತೆಗೆ ಸರಿಯಾಗಿ ಪರೀಕ್ಷೆ ಮಾಡ್ತಾರೆ. ಛಾಯೆಯನ್ನು ಅಳೆಯಬಹುದು. ಅರ್ಥವನ್ನು ಅಳೆಯೋಕಾಗಲ್ಲ, ಅದಕ್ಕೆ ಯಾರೋ ಆಡಿದ ಮಾತು ಬೇಕು. ಬರೀ ಬಟ್ಟೆ ಸಿಕ್ಕಿ, ಈ ಮೂರು ಮಾತೂ ಕಳೆದುಹೋಗಿದ್ದರೆ ಮುಂದಿನವರು ಹಸಿರು ನೋಡಿ ಏನು ಬೇಕಾದರೂ ಹೇಳಬಹುದಿತ್ತು. ಗಂಗರ ವಿಷಯದಲ್ಲಿ ನಮ್ಮ ಹತ್ತಿರ ಬಟ್ಟೆಯೂ ಇಲ್ಲ, ಮಾತೂ ಇಲ್ಲ.

ಕೊನೆಗೆ ಬೋರ್ಡು ಏನಾಯ್ತು

ಇಷ್ಟನ್ನೂ ಆ ಹುಡುಗರ ಮುಂದೆ ಹೇಳಿದೆ. ಚಿತ್ರ ಬಿಡಿಸಿದವನು ಸುಮ್ಮನೆ ಕೇಳಿಸಿಕೊಂಡು ಒಂದು ಮಾತು ಹೇಳಿದ. "ಸಾರ್, ಬಣ್ಣ ಇಲ್ಲ ಅಂದ್ರೆ ಯಾರೂ ನಿಂತು ನೋಡಲ್ಲ. ಆ ಪೋಸ್ಟರ್ ನೋಡಿಯೇ ಇಷ್ಟು ಜನ ಕಲ್ಲು ಶುಚಿ ಮಾಡೋಕೆ ಬಂದದ್ದು."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಅದು ನಿಜ. ನಾನು ಹತ್ತು ವರ್ಷ ಶಾಸನದ ಪಾಠ ಹಾಕಿದ್ದೀನಿ, ಅದನ್ನು ಓದಿ ಒಬ್ಬನೂ ಕುಡುಗೋಲು ಹಿಡಿದು ಬಂದಿಲ್ಲ. ನಮ್ಮ ಕಡೆ ರಸ್ತೆ ಅಗಲ ಮಾಡುವಾಗ, ಕೆರೆಯ ಅಂಗಳದಲ್ಲಿ ಕಟ್ಟಡ ಏಳುವಾಗ ಕಲ್ಲುಗಳು ಕಾಣೆಯಾಗೋದು ನಿಮಗೆಲ್ಲ ಗೊತ್ತು. ಅಂಥ ಜಾಗದಲ್ಲಿ ಒಂದು ಕಲ್ಲು ಉಳಿದದ್ದು ತಪ್ಪು ಬಣ್ಣದ ಪೋಸ್ಟರಿನಿಂದ ಅಂದ್ರೆ ಆ ಪೋಸ್ಟರಿಗೂ ಒಂದು ನಮಸ್ಕಾರ ಹಾಕಲೇಬೇಕು.

ಆದರೂ ಜನರನ್ನು ಕರೆಯೋಕೆ ಬಳಸಿದ್ದನ್ನೇ ಬಂದವರಿಗೆ ಸಾಕ್ಷಿ ಅಂತ ಕೊಡಬಾರದು. ಬೋರ್ಡಿಗೆ ನಾನು ಕೇಳಿದ್ದು ಮೂರೇ ಬದಲಾವಣೆ. ಮೊದಲನೆಯದು, ಈ ಕಲ್ಲು ಗಂಗರದ್ದು ಅಂತ ಬರೆಯಬಾರದು. ಹೆಬ್ಬಾಳ, ಬೇಗೂರುಗಳಲ್ಲಿ ಗಂಗರ ಕಾಲದ ಕಲ್ಲುಗಳಿವೆ ಅನ್ನೋದು ನಿಜ, ಆದರೆ ಅಕ್ಷರವೇ ಇಲ್ಲದ ಈ ಕಲ್ಲನ್ನು ಅವುಗಳ ಲೆಕ್ಕಕ್ಕೆ ಸೇರಿಸೋಕೆ ಆಧಾರ ಇಲ್ಲ. ಎರಡನೆಯದು, ಆನೆಯನ್ನು ಬಾವುಟದಿಂದ ಇಳಿಸಿ ಮುದ್ರೆಯ ಆಕಾರದಲ್ಲೇ ತೋರಿಸೋದು, ಪಿಂಛದ ಕಥೆಯನ್ನು ಎರಡು ಸಾಲಿನಲ್ಲಿ ಅದರ ಪಕ್ಕ ಹೇಳೋದು. ಮೂರನೆಯದು, ಬಣ್ಣ ಬೇಕೇ ಬೇಕು ಅಂದ್ರೆ ಇರಲಿ, ಅಡಿಯಲ್ಲಿ ಓದೋಕಾಗುವಷ್ಟು ದೊಡ್ಡ ಅಕ್ಷರದಲ್ಲಿ ಇದು ಈಗಿನ ಚಿತ್ರಕಾರರ ಕಲ್ಪನೆ ಅಂತ ಬರೆಯೋದು. ಸಮೃದ್ಧಿ, ಭರವಸೆ ಎರಡೂ ತೆಗೆಯೋದು.

ಮೊದಲಿನ ಎರಡಕ್ಕೆ ತಕ್ಷಣ ಒಪ್ಪಿದರು. ಮೂರನೆಯದಕ್ಕೆ ಅರ್ಧ ಗಂಟೆ ಜಗಳ ಆಯ್ತು. ಕೊನೆಗೆ ಆ ಹುಡುಗನೇ ಮನಸ್ಸು ಮಾಡಿ ಹಸಿರು ಬಾವುಟ ತೆಗೆದು, ಒಂದು ನವಿಲುಗರಿಯ ಕುಂಚ ಬಿಡಿಸಿದ. ಪೆನ್ಸಿಲಿನಲ್ಲಿ, ಕಪ್ಪುಬಿಳುಪು. ಪೋಸ್ಟರಿಗಿಂತ ಚೆನ್ನಾಗಿ ಬಂದಿದೆ. ಮಕ್ಕಳು ಅದರ ಮುಂದೆ ನಿಂತು ಇದೇನು ಪೊರಕೆನಾ ಅಂತ ಕೇಳ್ತಾರಂತೆ. ಹಾಗೆ ಕೇಳಿದಾಗ ಹೇಳೋಕೆ ಒಂದು ನಿಜವಾದ ಕಥೆ ಇದೆ.

ಚರ್ಚಿನ ಫಲಕದ ನನ್ನ ಹಳೆಯ ಬರಹವನ್ನೂ ಈ ವಾರ ತಿದ್ದಿದ್ದೀನಿ. ಗುರಾಣಿಯ ಮೈ ಹಸಿರು, ಅಷ್ಟಕ್ಕೇ ನಿಲ್ಲಿಸಿದ್ದೀನಿ.

ನಿಮ್ಮ ಊರಿನ ಬೋರ್ಡುಗಳಲ್ಲೂ ಇಂಥ ಬಣ್ಣದ ಅರ್ಥಗಳು ಇರಬಹುದು. ಇದ್ದರೆ ಫೋಟೋ ತೆಗೆದು ಕಳಿಸಿ, ಜೊತೆಗೆ ಆ ಬಣ್ಣಕ್ಕೆ ಅವರು ಕೊಟ್ಟ ಆಧಾರ ಯಾವುದು ಅಂತ ವಿಚಾರಿಸಿ ಬರೆಯಿರಿ. ಆಧಾರ ಗಟ್ಟಿಯಾಗಿದ್ದರೆ ಕಲಿಯುವ ಮೊದಲಿಗ ನಾನೇ.